ಜೇಬಿನಲ್ಲೊಂದು ಅರ್ಧ ಬೋಲ್ಟು

ನಮ್ಮ ಮನೆಯ ವಾಷಿಂಗ್ ಮೆಷಿನ್ ಮಾತಾಡಲು ಕಲಿತು ಬಹಳ ಕಾಲವಾಯಿತು. ಕಟ ಕಟ, ಕಟಾರ್, ಕಟ ಕಟ ಎಂದು ಒಳಗಿನಿಂದ ಏನೋ ಹೇಳುತ್ತದೆ. ಅಡುಗೆಮನೆಯಲ್ಲಿರುವ ಜೊಹರಾ ಅಲ್ಲಿಂದಲೇ ಕೂಗುತ್ತಾಳೆ: "ನೋಡಿ, ನಿಮ್ಮ ಪ್ಯಾಂಟು ಕರೀತಾ ಉಂಟು."

ಬೇರೆ ಗಂಡಸರ ಜೇಬು ತಡಕಿದರೆ ಹೆಂಡತಿಯರಿಗೆ ಸಂಶಯ ಹುಟ್ಟಿಸುವಂಥ ಏನಾದರೂ ಸಿಗಬಹುದೇನೋ. ನನ್ನ ಜೇಬಿನಲ್ಲಿ ಸಿಗುವುದು ಅರ್ಧ ಬೋಲ್ಟು. ಮೊದಲ ಸಲ ಸಿಕ್ಕಾಗ ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ, "ಇನ್ನರ್ಧ ಯಾರ ಹತ್ರ ಉಂಟು?" ಎಂದು ಕೇಳಿದ್ದಳು. ನಮ್ಮ ಮನೆಮಾತು ಬ್ಯಾರಿ. ಕನ್ನಡದಲ್ಲಿ ಬರೆಯುವಾಗ ಅವಳ ಮಾತಿನ ಖಾರ ಅರ್ಧಕ್ಕೆ ಇಳಿಯುತ್ತದೆ. ಓದುವವರು ಉಳಿದರ್ಧವನ್ನು ತಾವೇ ಸೇರಿಸಿಕೊಳ್ಳಬೇಕು.

ನಾನಿರುವುದು ಸೌದಿಯ ಅಲ್ ಅಹ್ಸಾದಲ್ಲಿ, ಹುಫೂಫ್ ಪೇಟೆಯ ಒಂದು ಬದಿಗೆ. ಕೆಲಸ ಪೇಟೆಯಾಚೆಯ ಒಂದು ಖರ್ಜೂರದ ತೋಟದಲ್ಲಿ. ಪಂಪು, ಪೈಪು, ಟ್ರಾಕ್ಟರು, ಹೀಗೆ ಕೆಡುವ ಸಾಮರ್ಥ್ಯವುಳ್ಳ ಎಲ್ಲದಕ್ಕೂ ನಾನೇ ಜವಾಬ್ದಾರ. ಹುಟ್ಟಿನಿಂದಲೇ ಚಿಂತೆಯ ಮನುಷ್ಯನಾದ ನನಗೆ ಇಂಥ ಕೆಲಸ ಸಿಕ್ಕಿದ್ದು ಬೆಲ್ಲದಂಗಡಿಗೆ ಇರುವೆಯನ್ನು ಕಾವಲಿಟ್ಟ ಹಾಗೆ. ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೆ ಇಷ್ಟು ಹೊತ್ತು ಯಾಕೆ ಏನೂ ಕೆಡಲಿಲ್ಲ ಎಂದು ಚಿಂತೆ. ಕೆಟ್ಟಿತೋ, ಸ್ವಲ್ಪ ಸಮಾಧಾನ.

ತೋಟದಿಂದ ಡಾಂಬರು ರಸ್ತೆಗೆ ಹೋಗುವ ದಾರಿಯನ್ನು ಗಾಳಿಯ ತಿಂಗಳುಗಳಲ್ಲಿ ಮರಳು ನುಂಗಿಬಿಡುತ್ತದೆ. ಬೆಳಿಗ್ಗೆ ಇದ್ದ ರಸ್ತೆ ಸಂಜೆಗೆ ಇರುವುದಿಲ್ಲ. ಇದಕ್ಕೆ ನಮ್ಮ ಯಜಮಾನ ಅಬು ಫಹದ್ ಒಂದು ಪರಿಹಾರ ಕಂಡುಕೊಂಡ. ಎಲ್ಲೋ ಹರಾಜಿನಲ್ಲಿ ಟ್ರಾಕ್ಟರಿನ ಹಿಂದಕ್ಕೆ ಸಿಕ್ಕಿಸುವ ಒಂದು ಯಂತ್ರ ಕೊಂಡು ಲಾರಿಯಲ್ಲಿ ಹೇರಿಸಿಕೊಂಡು ಬಂದ. ಅಗಲ ಬಾಯಿ, ಒಳಗೆ ತೆಂಗು ತುರಿಯುವ ಹಲ್ಲಿನಂಥ ದೊಡ್ಡ ತಿರುಪು, ಮೇಲೆ ಕೊಕ್ಕರೆಯ ಕುತ್ತಿಗೆಯಂತೆ ಬಾಗಿದ ಕೊಳವೆ. ಬದಿಯಲ್ಲಿ ಒಂದು ಬಿಳಿ ಕರಡಿಯ ಚಿತ್ರ. ಅದು ಹಿಮ ಎಸೆಯುವ ಯಂತ್ರ! ಚಳಿದೇಶದವರು ರಸ್ತೆಯ ಮೇಲಿನ ಹಿಮವನ್ನು ಬದಿಗೆ ಚಿಮ್ಮಿಸಲು ಮಾಡಿದ್ದು.

"ಇದು ಹಿಮದ್ದು, ಅಬು ಫಹದ್," ಎಂದೆ, ಮೆತ್ತಗೆ.

"ಹಿಮ ಅಂದರೆ ಏನು ಇಸ್ಮಾಯಿಲ್? ಬಿಳಿ ಮರಳು," ಎಂದ ಅವನು. "ಯಲ್ಲಾ, ಸಿಕ್ಕಿಸು."

ಹಿಮವನ್ನು ನಾನು ನೋಡಿದ್ದು ನಮ್ಮ ಫ್ರೀಜರಿನಲ್ಲಿ, ಬಂಗುಡೆಯ ಮೇಲೆ ಕೂತದ್ದು ಮಾತ್ರ. ಹಾಗಾಗಿ ವಾದ ಮಾಡಲು ನನ್ನಲ್ಲಿ ಬಂಡವಾಳವಿರಲಿಲ್ಲ. ಆ ಯಂತ್ರಕ್ಕೆಂದೇ ಬಂದವನು ಸಿದ್ದರಾಜು. ಮಂಡ್ಯದ ಕಡೆಯವನು, ಕಬ್ಬಿನ ಗದ್ದೆಯಲ್ಲಿ ಟ್ರಾಕ್ಟರು ಓಡಿಸಿ ಪಳಗಿದವನು, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನು. ಬಂದ ವಾರವೇ ಬಿಳಿ ಕರಡಿಯ ಪಕ್ಕ ನಿಂತು ಫೋಟೋ ತೆಗೆಸಿ ಊರಿಗೆ ಕಳಿಸಿದ. ಊರಿನವರು ಅದನ್ನು ನೋಡಿ ಸೌದಿಯಲ್ಲಿ ವಿಪರೀತ ಹಿಮ ಬೀಳುತ್ತದೆಂದು ತಿಳಿದುಕೊಂಡರು. ಅವನ ಅತ್ತೆ ಒಂದು ಉಣ್ಣೆಯ ಟೋಪಿ ಹೆಣೆದು ಕಳಿಸಿದರು. ಬೇಡವೆನ್ನಲು ಮನಸ್ಸಾಗದೆ ಅವನು ಅದನ್ನು ಟ್ರಾಕ್ಟರಿನ ಗೇರಿನ ಹಿಡಿಗೆ ತೊಡಿಸಿದ್ದ.

ಆ ಯಂತ್ರದೊಳಗೆ ಒಂದು ಬೋಲ್ಟು ಉಂಟು. ಎಂಜಿನಿನ ಶಕ್ತಿ ತಿರುಪಿಗೆ ಹೋಗುವ ದಾರಿಯಲ್ಲಿ, ತಿರುಗುವ ದಂಡಕ್ಕೂ ತಿರುಪಿಗೂ ನಡುವೆ, ಸೊಂಟಕ್ಕೆ ಹಾಕಿದ ಗಂಟಿನ ಹಾಗೆ ಕೂತಿರುತ್ತದೆ. ಅದರ ಹುಟ್ಟಿನ ಉದ್ದೇಶವೇ ಮುರಿಯುವುದು. ಕಲ್ಲೋ ಕಬ್ಬಿಣವೋ ಸಿಕ್ಕಿ ತಿರುಪು ನಿಂತರೆ ಇದು ಫಟ್ಟೆಂದು ತುಂಡಾಗಿ ಹಿಂದಿನ ಗೇರ್‌ಬಾಕ್ಸನ್ನು ಉಳಿಸುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ನಮ್ಮದು ಕಲ್ಲಿಲ್ಲದೆ, ಕಬ್ಬಿಣವಿಲ್ಲದೆ, ಬರಿಯ ನಯವಾದ ಮರಳಿಗೇ ಮುರಿಯುತ್ತಿತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮುರಿದ ತುಂಡನ್ನು ನಾನು ಜೇಬಿಗೆ ಹಾಕುತ್ತಿದ್ದೆ. ಯಾಕೆಂದು ಕೇಳಬೇಡಿ. ಸತ್ತವರನ್ನು ದಾರಿಯಲ್ಲಿ ಬಿಟ್ಟು ಬರಬಾರದೆಂಬ ಭಾವನೆ ಇರಬೇಕು.

"ಎಂತ ಸಿದ್ದರಾಜು, ಪುನಃ ಹೋಯ್ತಾ?"

"ಓಯ್ತು ಸಾಯೇಬ್ರೇ. ಇದೇನ್ ಬೋಲ್ಟೋ, ಬೇಯಿಸಿದ್ ಗೆಣಸೋ!"

ನಾನು ಚಿಂತಿಸಬಲ್ಲಷ್ಟೂ ಚಿಂತಿಸಿದೆ, ಮಾಡಬಲ್ಲಷ್ಟೂ ಮಾಡಿದೆ. ಬೋಲ್ಟು ಕೂರುವ ತೂತು ತಿಂದುಹೋಗಿ ಅಗಲವಾಗಿತ್ತು. ಸಡಿಲವಾಗಿ ಕೂತ ಬೋಲ್ಟು ಅಲ್ಲಾಡಿ ಅಲ್ಲಾಡಿಯೇ ಸೋಲುತ್ತದೆ. ಲೇತಿನವನ ಹತ್ತಿರ ಒಯ್ದು ಹೊಸ ಬಳೆ ಕೂರಿಸಿದೆ. ದಂಡಕ್ಕೆ ಗ್ರೀಸು ಉಣಿಸಿದೆ. ತಿರುಪಿಗೆ ಸುತ್ತಿಕೊಂಡಿದ್ದ ಹನಿನೀರಿನ ಪೈಪಿನ ಚೂರುಗಳನ್ನೆಲ್ಲ ಕತ್ತರಿಸಿ ತೆಗೆದೆ. ಮುರಿಯುವುದು ಒಂದಿಷ್ಟು ಕಡಿಮೆಯಾಯಿತು, ನಿಲ್ಲಲಿಲ್ಲ.

ಒಂದು ದಿನ ಅಬು ಫಹದ್ ಬಂದು ನಿಂತು ನೋಡಿದ. ಅವನೆದುರೇ ಫಟ್ ಎಂದಿತು.

"ಇಸ್ಮಾಯಿಲ್, ಈ ಮಕೀನಾ ತಿನ್ನುವುದು ಮರಳನ್ನಲ್ಲ, ಬೋಲ್ಟನ್ನು," ಎಂದ. "ಬರುವ ಶುಕ್ರವಾರ ಜುಮಾ ಮುಗಿಸಿ ತಮ್ಮಂದಿರನ್ನು ಕರೆದುಕೊಂಡು ಬರುತ್ತೇನೆ. ಅವರೆದುರು ಗೇಟಿನಿಂದ ಡಾಂಬರು ರಸ್ತೆಯವರೆಗೆ ದಾರಿ ಬಿಡಿಸಲಿ. ಆಗದಿದ್ದರೆ ಖಲಾಸ್. ಯಂತ್ರ ಮಾರುತ್ತೇನೆ, ಮಣ್ಣೆತ್ತುವ ಶಾವಲ್‌ನವನಿಗೆ ಕೆಲಸ ಕೊಡುತ್ತೇನೆ."

ಯಂತ್ರ ಹೋದರೆ ಯಂತ್ರದವನೂ ಹೋದ ಹಾಗೆ. ಸಿದ್ದರಾಜುವಿನ ಇಕಾಮಾ, ಅಂದರೆ ಇಲ್ಲಿರಲು ಕೊಡುವ ಪರವಾನಗಿ, ಮುಗಿಯಲು ಬಂದಿತ್ತು. ಹೊಸದು ಮಾಡಿಸಬೇಕೋ ಬೇಡವೋ ಎನ್ನುವುದು ಅಬು ಫಹದನ ಕೈಯಲ್ಲಿತ್ತು. ಊರಿನಲ್ಲಿ ಸಿದ್ದರಾಜುವಿನ ಮಗಳು ಅದೇ ವರ್ಷ ನರ್ಸಿಂಗಿಗೆ ಸೇರಿದ್ದಳು. ಯಜಮಾನ ಹೋದ ಮೇಲೆ ಅವನು ಟೋಪಿ ತೊಟ್ಟ ಗೇರಿನ ಹಿಡಿಯನ್ನು ಸವರುತ್ತ ಕೂತ.

"ಸಾಯೇಬ್ರೇ, ಒಂದ್ ಮಾತು. ಗಟ್ಟಿ ಬೋಲ್ಟ್ ಆಕ್ಬುಡಾನ. ಲಾರಿ ಚಕ್ರಕ್ಕಾಕ್ತಾರಲ್ಲ, ಅಂತದ್ದು. ಅದೆಂಗ್ ಮುರೀತದೆ ನೋಡೇಬುಡಾನ."

ಸುಳ್ಳು ಹೇಳಬಾರದು, ಆ ಸಂಜೆ ನಾನು ಹುಫೂಫಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಎರಡು ಗಟ್ಟಿ ಬೋಲ್ಟು ತಂದೇಬಿಟ್ಟೆ. ಕೈಯಲ್ಲಿಟ್ಟರೆ ಅವುಗಳ ತೂಕವೇ ಧೈರ್ಯ ಹೇಳುವಂತಿತ್ತು. ಮನೆಗೆ ಬಂದು ಅವನ್ನು ಮೇಜಿನ ಮೇಲಿಟ್ಟು ಚಾ ಕುಡಿಯುವಾಗ ನೆನಪಾದದ್ದು ಅದ್ದು ಮಾಮನ ದೋಣಿ, ಮತ್ತು ನನ್ನ ಅಜ್ಜಿಯ ಕೊಡೆ.

ಅದ್ದು ಮಾಮ ನನ್ನ ಉಮ್ಮನ ತಮ್ಮ. ನೇತ್ರಾವತಿಯಲ್ಲಿ ಈ ದಡದಿಂದ ಆ ದಡಕ್ಕೆ ಜನ ದಾಟಿಸುತ್ತಿದ್ದರು. ದೋಣಿಯ ಹಿಂದಕ್ಕೆ ಸಿಕ್ಕಿಸುವ ಎಂಜಿನು ನಮ್ಮ ಕಡವಿಗೆ ಮೊದಲು ತಂದವರು ಅವರೇ. ಆ ಎಂಜಿನಿನ ನೀರೊಳಗೆ ತಿರುಗುವ ಪಂಕಕ್ಕೂ ಹೀಗೆಯೇ ಮುರಿಯಲೆಂದು ಮಾಡಿದ ಹಿತ್ತಾಳೆಯ ಪುಟ್ಟ ಪಿನ್ನೊಂದಿತ್ತು. ನೀರು ಇಳಿದ ಕಾಲದಲ್ಲಿ ಅಡಿಯ ಬಂಡೆಗೋ ಮರಳದಿಬ್ಬಕ್ಕೋ ಪಂಕ ತಾಗಿದರೆ ಪಿನ್ನು ಹೋಗುತ್ತಿತ್ತು. ಮಾಮ ತಲೆಯ ಮುಂಡಾಸಿನ ಅಂಚಿನಿಂದ ಹೊಸ ಪಿನ್ನು ತೆಗೆದು ಹಲ್ಲಿನಲ್ಲಿ ಕಚ್ಚಿಕೊಂಡು, ಎಂಜಿನನ್ನು ಓರೆ ಮಾಡಿ, ಬೀಡಿ ಹಚ್ಚುವಷ್ಟು ಹೊತ್ತಿನಲ್ಲಿ ಸಿಕ್ಕಿಸಿಬಿಡುತ್ತಿದ್ದರು. ದೋಣಿಯಲ್ಲಿದ್ದವರು ಅಷ್ಟರಲ್ಲಿ ಒಂದು ಮದುವೆಯ ಸುದ್ದಿ ಮುಗಿಸುತ್ತಿದ್ದರು. ಬೀಡಿ, ಹೊಳೆನೀರು, ಸೀಮೆಎಣ್ಣೆ ಮೂರೂ ಸೇರಿದ ಆ ವಾಸನೆ ನನಗೆ ಈಗಲೂ ಯಾವುದಾದರೂ ಎಂಜಿನು ಕೆಮ್ಮಿದರೆ ಸಾಕು, ಮೂಗಿಗೆ ಬರುತ್ತದೆ.

ಒಂದು ಬೇಸಗೆಯಲ್ಲಿ ಪಿನ್ನುಗಳು ಬಹಳ ಮುರಿದು ಮಾಮನಿಗೆ ರೇಗಿತು. ಜಗಲಿಯಲ್ಲಿ ಒರಗಿಸಿಟ್ಟ ಒಂದು ಕೊಡೆಯ ಉಕ್ಕಿನ ಕಡ್ಡಿಯನ್ನು ಕತ್ತರಿಸಿ ಪಿನ್ನಿನ ಜಾಗಕ್ಕೆ ಹೊಡೆದರು. "ಇನ್ನು ಮುರಿಯಲಿ ನೋಡುವ," ಎಂದರು. ಮುರಿಯಲಿಲ್ಲ. ಮೂರು ದಿನ ದೋಣಿ ರಾಜನ ಹಾಗೆ ಓಡಿತು. ನಾಲ್ಕನೆಯ ದಿನ ನಡುಹೊಳೆಯಲ್ಲಿ ಪಂಕ ಬಂಡೆಗೆ ತಾಗಿದಾಗ ಕಡ್ಡಿಗೆ ಏನೂ ಆಗಲಿಲ್ಲ, ಎಂಜಿನಿನೊಳಗಿನ ಹಲ್ಲುಗಳು ಮಾತ್ರ ಜರಿದುಬಿದ್ದವು. ದೋಣಿ ತನಗೆ ತೋಚಿದ ಕಡೆ ತೇಲಿತು. ಅದರಲ್ಲಿ ನಾನಿದ್ದೆ, ಮಡಿಲಲ್ಲಿ ಹಲಸಿನಹಣ್ಣು ಇಟ್ಟುಕೊಂಡ ನನ್ನ ಅಜ್ಜಿ ಇದ್ದರು. ಅಜ್ಜಿ ಒಂದು ಉಸಿರಿಗೆ ದುಆ ಓದಿದರೆ ಮುಂದಿನ ಉಸಿರಿಗೆ ಮಗನನ್ನು ಬೈಯುತ್ತಿದ್ದರು. ಯಾವುದು ಮೇಲೆ ತಲುಪಿತೋ, ಆಕಾಶದಿಂದ ಬಂದದ್ದು ಮಳೆ. ಕಾಲವಲ್ಲದ ಕಾಲದ ಒಂದು ದೊಡ್ಡ ಮಳೆ. ಅಜ್ಜಿ ಕೊಡೆ ಬಿಡಿಸಿದರು. ಅದು ಒಂದು ಬದಿ ಮುರಿದ ರೆಕ್ಕೆಯ ಕಾಗೆಯ ಹಾಗೆ ಜೋತುಬಿತ್ತು.

ಅಜ್ಜಿ ಕೊಡೆ ನೋಡಿದರು, ಎಂಜಿನು ನೋಡಿದರು, ಮಗನನ್ನು ನೋಡಿದರು. ಆಮೇಲೆ ಹಲಸಿನಹಣ್ಣನ್ನು ನನ್ನ ಮಡಿಲಿಗೆ ದಾಟಿಸಿದರು. ಕೈ ಖಾಲಿ ಮಾಡಿಕೊಳ್ಳಲಿಕ್ಕೆ. ಮುಂದೆ ಏನಾಯಿತೆಂದು ಬರೆಯುವುದು ಮಾಮನಿಗೆ ಮರ್ಯಾದೆಯಲ್ಲ.

ಹಾಗಾಗಿ ಮೇಜಿನ ಮೇಲಿದ್ದ ಗಟ್ಟಿ ಬೋಲ್ಟುಗಳನ್ನು ನಾನು ತೋಟಕ್ಕೆ ಒಯ್ಯಲೇ ಇಲ್ಲ. ಅವು ಈಗ ನಮ್ಮ ಅಡುಗೆಮನೆಯಲ್ಲಿವೆ. ಏಲಕ್ಕಿ ಜಜ್ಜಲು ಅಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲವೆಂದು ಜೊಹರಾ ಹೇಳುತ್ತಾಳೆ.

ಆದರೆ ಶುಕ್ರವಾರ ಹತ್ತಿರವಾಗುತ್ತಿತ್ತು. ನಡುವೆ ಮಗಳು ಶಿಫಾಳ ಶಾಲೆಯಲ್ಲಿ ಪೋಷಕರ ಸಭೆ ಬಂತು. ಟೀಚರು ಇಂಗ್ಲಿಷಿನಲ್ಲಿ ಮಗಳ ಬಗ್ಗೆ ಒಳ್ಳೆಯದೇ ಹೇಳುತ್ತಿದ್ದರು. ನಾನು ಮೇಜಿನಡಿಯಲ್ಲಿ ಸಿದ್ದರಾಜುವಿಗೆ ಫೋನು ಒತ್ತುತ್ತಿದ್ದೆ. "ಉಪ್ಪಾ, ಪ್ಲೀಸ್," ಎಂದು ಶಿಫಾ ಹಲ್ಲು ಕಚ್ಚಿ ಹೇಳಿದಳು. ಅವನು ಫೋನು ಎತ್ತಲಿಲ್ಲ. ಎತ್ತದವನು ಬೋಲ್ಟು ಮುರಿದು ಕೂತಿರುತ್ತಾನೆಂದು ಲೆಕ್ಕ ಹಾಕಿ ಓಡಿಹೋದರೆ ದಾರಿ ಗೇಟಿನವರೆಗೆ ಗುಡಿಸಿಟ್ಟ ಅಂಗಳದಂತಿತ್ತು. ಬೋಲ್ಟು ಗಟ್ಟಿಮುಟ್ಟಾಗಿ ತನ್ನ ಜಾಗದಲ್ಲಿತ್ತು. ಖುಷಿಯಾಗುವ ಬದಲು ನನಗೆ ಸ್ವಲ್ಪ ಅವಮಾನವಾಯಿತು.

ಮರುದಿನ ನಾನು ಹತ್ತಿರ ನಿಂತೆ. ಫಟ್. ಅದರ ಮರುದಿನ ಹೊಟ್ಟೆಯ ಗಡಿಬಿಡಿಯಿಂದ ಮನೆಯಲ್ಲಿ ಮಲಗಿದೆ. ಬೋಲ್ಟು ಕ್ಷೇಮ. ನನಗೆ ಏನೋ ಹೊಳೆಯತೊಡಗಿತು. ಹೊಳೆದದ್ದು ಹಿತವಾಗಿರಲಿಲ್ಲ.

"ಸಿದ್ದರಾಜು, ನಾನು ಇಲ್ಲದಾಗ ಎಂತ ಬೇರೆ ಮಾಡ್ತೀಯ?"

"ಏನೂ ಇಲ್ವಲ್ಲ ಸಾಯೇಬ್ರೇ."

"ಎಂತ ಇಲ್ಲದೆ ಮುರಿಯುವುದು ನಿಲ್ತದಾ? ಹೇಳು ಮಾರಾಯ."

"ಬೈಯಲ್ಲ ಅಂದ್ರೆ ಯೋಳ್ತೀನಿ."

"ನಾನು ಯಾವತ್ತಾದರೂ ಬೈದದ್ದುಂಟಾ?"

"ಬಯ್ದಿದ್ರೆ ವಾಸಿ ಇತ್ತು. ನೀವು ಅಲ್ಲಿ ನಿಂತ್ಕಂಡು ಕೈ ಹೊಸಕ್ತಾ, ಬಾಯಲ್ಲಿ ಏನೋ ಮಣಮಣ ಅಂತಾ ಇರ್ತೀರಲ್ಲ, ನಂಗೆ ಆಸ್ಪತ್ರೆ ಬಾಗಿಲಲ್ಲಿ ನಿಂತಿರೋ ನೆಂಟ್ರನ್ನ ನೋಡ್ದಂಗಾಯ್ತದೆ. ಬೇಗ ಮುಗಿಸ್ಬುಡಾನ ಅಂತ ಕಾಲು ತಾನಾಗೇ ಒತ್ಬುಡ್ತದೆ."

ವಿಷಯ ಇಷ್ಟೇ. ಆ ಯಂತ್ರ ಟ್ರಾಕ್ಟರಿನ ಹಿಂದಕ್ಕಿರುವುದರಿಂದ ಟ್ರಾಕ್ಟರು ಹಿಂದೆ ಹಿಂದೆ ನಡೆಯುತ್ತ ಮರಳು ತಿನ್ನಬೇಕು. ಓಡಿಸುವವನು ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿರಬೇಕು. ಹಾಗೆ ನೋಡಿದಾಗಲೆಲ್ಲ ಅವನ ಕಣ್ಣಿಗೆ ನೇರವಾಗಿ ಸಿಗುತ್ತಿದ್ದದ್ದು ದಾರಿಬದಿಯಲ್ಲಿ ನಿಂತ ನನ್ನ ಮುಖ. ಒಬ್ಬನೇ ಇದ್ದಾಗ ಎಂಜಿನನ್ನು ತಗ್ಗಿನಲ್ಲಿಟ್ಟು, ತಿರುಪನ್ನು ಮೆತ್ತಗೆ ಎಬ್ಬಿಸಿ, ಆಮೇಲೆ ವೇಗ ಏರಿಸಿ, ಆಮೆಯಂತೆ ಮರಳಿಗೆ ಹೋಗುತ್ತಿದ್ದ. ನನ್ನ ಮುಖ ಕಂಡರೆ ಎಂಜಿನನ್ನು ಮೊದಲೇ ಅಬ್ಬರಿಸಿ, ತಿರುಪು ಎಬ್ಬಿಸುವ ಲಿವರನ್ನು ಧಡಕ್ಕನೆ ಎಳೆದು, ದಿಬ್ಬಕ್ಕೆ ಗೂಳಿಯಂತೆ ನುಗ್ಗುತ್ತಿದ್ದ. ನಿಂತ ತಿರುಪಿನ ಮೇಲೆ ಅಷ್ಟು ಬಲ ಒಮ್ಮೆಲೇ ಬಿದ್ದರೆ ಬೋಲ್ಟು ಏನು ಮಾಡೀತು? ಇಷ್ಟು ದಿನ ಅದು ಮುರಿಯುತ್ತಿದ್ದದ್ದು ಮರಳಿಗಲ್ಲ, ನನ್ನ ಮುಖಕ್ಕೆ.

ಶುಕ್ರವಾರ ನಾನು ದಾರಿಯ ಹತ್ತಿರ ಬರುವುದಿಲ್ಲವೆಂದು ನಿಶ್ಚಯವಾಯಿತು. ಪಂಪ್‌ಹೌಸಿನ ಹಿಂದೆ ಗೋಡೆಗೆ ಮುಖ ಮಾಡಿ ಕೂತಿರುತ್ತೇನೆಂದು ಸಿದ್ದರಾಜುವಿಗೆ ಮಾತು ಕೊಟ್ಟೆ.

ಆದರೆ ಅಬು ಫಹದ್ ಪರೀಕ್ಷೆ ಮಾಡುವವನಂತೆ ಬರಲಿಲ್ಲ, ನೆಂಟರೂಟಕ್ಕೆ ಬಂದವನಂತೆ ಬಂದ. ಮೂವರು ತಮ್ಮಂದಿರು, ಜಮಖಾನೆ, ದಿಂಬು, ಖರ್ಜೂರದ ತಟ್ಟೆ, ಗಹ್ವಾ ಎಂಬ ಅರಬಿ ಕಾಫಿಯ ಹೂಜಿ. ಮರಳಿನ ಮೇಲೆ ಹಾಸಿ ಕೂತರು. ಟ್ರಾಕ್ಟರಿಗೆ ಎದುರಾಗಿ, ಮೊದಲ ಸಾಲು.

"ಇಸ್ಮಾಯಿಲ್ ಎಲ್ಲಿ? ಬಾ, ನನ್ನ ಪಕ್ಕ ಕೂತುಕೋ!"

ಪಂಪ್‌ಹೌಸಿನ ಹಿಂದಿನಿಂದ ಬಂದೆ. ಸಿದ್ದರಾಜು ಸೀಟಿನಿಂದ ನನ್ನನ್ನು ನೋಡಿದ. ಕುರ್ಬಾನಿಗೆ ಕಟ್ಟಿದ ಆಡು ಕಟ್ಟಿದವನನ್ನು ನೋಡುವ ಹಾಗೆ. ಅವನ ಕೈ ಲಿವರಿನ ಕಡೆ ಹೋಗುವುದು ಕಂಡಿತು. ಆಗ ಹೇಗೆ ಹೊಳೆಯಿತೋ, ನಾನು ಗಹ್ವಾದ ಹೂಜಿಯನ್ನು ಎತ್ತಿಕೊಂಡೆ. ಇಲ್ಲಿಯ ಪದ್ಧತಿಯಲ್ಲಿ ಗಹ್ವಾ ಬಡಿಸುವವನು ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಪುಟ್ಟ ಬಟ್ಟಲು ಹಿಡಿದು ಅತಿಥಿಗಳಿಗೆ ಎದುರಾಗಿ ನಿಲ್ಲಬೇಕು. ಅಂದರೆ ಟ್ರಾಕ್ಟರಿಗೆ ಬೆನ್ನು ಮಾಡಿ!

"ನಾನು ಬಡಿಸ್ತೇನೆ, ಅಬು ಫಹದ್. ಇವತ್ತು ನನ್ನ ಸರದಿ."

ಎಂಜಿನು ಎದ್ದಿತು. ತಗ್ಗಿನಲ್ಲೇ ಗುನುಗಿತು. ತಿರುಪು ಮೆಲ್ಲಗೆ ತಿರುಗಿದ ಸದ್ದು ಬಂತು, ಹಿಂದೆಯೇ ಮರಳು ಸುಯ್ಯೆಂದು ಹಾರಿದ ಸದ್ದು. ನಾನು ನೋಡುವಂತಿರಲಿಲ್ಲ. ನನಗೆ ಕಾಣುತ್ತಿದ್ದದ್ದು ನಾಲ್ಕು ಮುಖಗಳು. ಅವರ ಕಣ್ಣು ನಿಧಾನವಾಗಿ ಬಲಕ್ಕೆ ಸರಿದರೆ ಟ್ರಾಕ್ಟರು ಸಾಗುತ್ತಿದೆ ಎಂದರ್ಥ. ಅಬು ಫಹದನ ಹುಬ್ಬು ಏರಿದರೆ ನನ್ನ ಎದೆ ಇಳಿಯುತ್ತಿತ್ತು. ಕೊನೆಯ ತಮ್ಮ ಸಾಕೆಂದು ಬಟ್ಟಲು ಅಲ್ಲಾಡಿಸಿದ. ಹಾಗೆ ಅಲ್ಲಾಡಿಸಿದ ಮೇಲೆ ಬಡಿಸಬಾರದು. ನಾನು ಬಡಿಸಿದೆ. ಇನ್ನೊಬ್ಬನೂ ಅಲ್ಲಾಡಿಸಿದ. ಅವನಿಗೂ ಸುರಿದೆ. ಬಡಿಸುವುದು ನಿಂತರೆ ತಿರುಗಬೇಕಾಗುತ್ತದಲ್ಲ!

"ಇವನು ನಮ್ಮನ್ನು ಗಹ್ವಾದಲ್ಲಿ ಮುಳುಗಿಸುತ್ತಾನೆ," ಎಂದ ಆ ತಮ್ಮ.

ಅಷ್ಟರಲ್ಲಿ ಬೆನ್ನಹಿಂದೆ ದೂರದಲ್ಲಿ ಫಟ್ ಎಂದಿತು.

ಹೂಜಿಯ ಗಹ್ವಾ ನನ್ನ ಚಪ್ಪಲಿಯ ಮೇಲಿತ್ತು. ಅಬು ಫಹದ್ ಎದ್ದು ನಡೆದ. ಅವನ ಹಿಂದೆ ಅವನ ತಮ್ಮಂದಿರು, ಅವರ ಹಿಂದೆ ಖಾಲಿ ಹೂಜಿ ಹಿಡಿದ ನಾನು. ಸಿದ್ದರಾಜು ಎಂಜಿನು ಆರಿಸಿ, ಇಳಿದು, ಯಂತ್ರದ ಬಾಯಿಯ ಮುಂದೆ ಮಂಡಿಯೂರಿ ಮರಳು ಬಗೆಯುತ್ತಿದ್ದ. ಕೈಗೆ ಸಿಕ್ಕಿದ್ದನ್ನು ಎಳೆದ. ಎಳೆದಷ್ಟೂ ಬಂತು. ಯಾವ ಕಾಲದಲ್ಲೋ ಬಿದ್ದು ಹೂತುಹೋದ ಲಾರಿಯ ಚಕ್ರದ ಒಂದು ಕಬ್ಬಿಣದ ಬಳೆ. ಮುರಿದ ಬೋಲ್ಟನ್ನು ತೂತಿನಿಂದ ತಟ್ಟಿ ತೆಗೆದು ನನ್ನ ಕೈಗಿಟ್ಟ. ಹೊಸದನ್ನು ಕೂರಿಸಿ ಬಿಗಿದ. ನನಗೆ ಮುಂಡಾಸಿನ ಅಂಚಿನಿಂದ ಪಿನ್ನು ತೆಗೆಯುವ ಅದ್ದು ಮಾಮ ಕಂಡಂತಾಯಿತು.

"ಮತ್ತೆ ಮುರಿಯಿತಲ್ಲ," ಎಂದ ಅಬು ಫಹದ್.

ನನಗೆ ಗೊತ್ತಿದ್ದ ಅರಬಿಯಲ್ಲಿ ಅರ್ಧ ಕೈಕೊಟ್ಟಿತು. ಉಳಿದರ್ಧದಲ್ಲಿ ಹೇಳಿದೆ: "ಇದು ಮುರಿಯದಿದ್ದರೆ ಒಳಗಿನ ಗೇರ್‌ಬಾಕ್ಸ್ ಮುರಿಯುತ್ತಿತ್ತು, ಅಬು ಫಹದ್. ಅದನ್ನು ತರಲು ಬಿಳಿ ಕರಡಿಯ ಊರಿಗೇ ಹೋಗಬೇಕು. ಇಷ್ಟು ದಿನ ಮುರಿದದ್ದು ನಮ್ಮ ಅವಸರಕ್ಕೆ. ಇವತ್ತು ಮುರಿದದ್ದು ಅದರ ಕೆಲಸಕ್ಕೆ."

ಅವನು ಅರ್ಧ ಬೋಲ್ಟನ್ನು ನನ್ನ ಕೈಯಿಂದ ತೆಗೆದುಕೊಂಡ. ಚಕ್ರದ ಬಳೆಯನ್ನು ಕಾಲಲ್ಲಿ ಒದ್ದು ನೋಡಿದ. ಅದು ಅಲುಗಲಿಲ್ಲ, ಅವನ ಹೆಬ್ಬೆರಳು ನೊಂದಿತು. ಅಲ್ಲೇ ಅವನಿಗೆ ವಿಷಯ ಅರ್ಥವಾಯಿತೆಂದು ನನ್ನ ನಂಬಿಕೆ. ಬೋಲ್ಟನ್ನು ತಮ್ಮಂದಿರಿಗೆ ತೋರಿಸಿ, "ಬತಲ್!" ಎಂದ. ವೀರ ಎಂದು. ಆಮೇಲೆ ಸಿದ್ದರಾಜುವಿನ ಕಡೆ ಕೈಬೀಸಿದ: "ಯಲ್ಲಾ, ಮುಗಿಸು."

ನಾನು ಮತ್ತೆ ಬೆನ್ನು ತಿರುಗಿಸಿದೆ. ಸಿದ್ದರಾಜು ಡಾಂಬರು ರಸ್ತೆ ಮುಟ್ಟಿ ಹಾರ್ನು ಹೊಡೆದಾಗಲೇ ಅತ್ತ ತಿರುಗಿದ್ದು. ಹೊರಡುವಾಗ ಅಬು ಫಹದ್ ಕಾರಿನ ಕಿಟಕಿ ಇಳಿಸಿ ಇಷ್ಟೇ ಹೇಳಿದ: "ಇವನ ಇಕಾಮಾದ ಕಾಗದಗಳನ್ನು ನಾಳೆ ಆಫೀಸಿಗೆ ಕಳಿಸು. ಇನ್ನೊಂದು ಮಾತು ಇಸ್ಮಾಯಿಲ್, ನೀನು ಗಹ್ವಾ ಬಡಿಸಬೇಡ."

ಅರ್ಧ ಬೋಲ್ಟು ಮಾತ್ರ ನನಗೆ ವಾಪಸ್ಸು ಸಿಕ್ಕಿತು. ಜೇಬಿಗೆ ಹಾಕಿಕೊಂಡೆ. ವಾಷಿಂಗ್ ಮೆಷಿನಿನಲ್ಲಿ ಈ ವಾರ ಮಾತಾಡಿದ್ದು ಅದೇ.

ಅದನ್ನು ತೆಗೆದುಕೊಡುವಾಗ ಜೊಹರಾಳಿಗೆ ಈ ಕಥೆಯನ್ನೆಲ್ಲ ಹೇಳಿದೆ. ಹೇಳಬಾರದಿತ್ತು. ಯಾಕೆಂದರೆ ಅವಳು ಕೆಲವು ವಾರಗಳಿಂದ ಕಾರು ಓಡಿಸಲು ಕಲಿಯುತ್ತಿದ್ದಾಳೆ. ಡ್ರೈವಿಂಗ್ ಸ್ಕೂಲಿನಲ್ಲಿ ಟೀಚರಮ್ಮ ಅವಳನ್ನು ಹೊಗಳುತ್ತಾರಂತೆ. ಸಂಜೆ ಪೇಟೆಯಾಚೆಯ ಖಾಲಿ ರಸ್ತೆಗಳಲ್ಲಿ ಅಭ್ಯಾಸ ಮಾಡಿಸುವವನು ನಾನು. ನಾನು ಪಕ್ಕದಲ್ಲಿ ಕೂತರೆ ಕಾರು ಕಪ್ಪೆಯಂತೆ ಕುಪ್ಪಳಿಸುತ್ತದೆ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲಡಿಯ ಮ್ಯಾಟು ಸವೆದಿದೆ. ಮುಂದಿನ ವಾರ ಅವಳಿಗೆ ಪರೀಕ್ಷೆ.

ಕಥೆ ಕೇಳಿ ಅವಳು ಬೋಲ್ಟನ್ನು ನನ್ನ ಜೇಬಿಗೇ ವಾಪಸ್ಸು ಹಾಕಿದಳು. ಅದೇ ಸಂಜೆ ಖಾಲಿ ರಸ್ತೆಯಲ್ಲಿ, ಎರಡು ಸಲ ಕುಪ್ಪಳಿಸಿದ ಮೇಲೆ, ಕಾರನ್ನು ಬದಿಗೆ ನಿಲ್ಲಿಸಿದಳು. ಹಿಂದಿನ ಸೀಟಿನಲ್ಲಿದ್ದ ಶಿಫಾ ಫೋನಿನಿಂದ ತಲೆಯೆತ್ತಿದಳು.

"ನೀವು ಇಳಿಯಿರಿ," ಎಂದಳು ಜೊಹರಾ.

"ಎಂತ? ಇಲ್ಲಿಯಾ?"

"ಇಲ್ಲಿಯೇ. ಇಳಿದು ಆ ಗೋಡೆ ನೋಡಿ ನಿಲ್ಲಿ. ಗಹ್ವಾ ಬಡಿಸುವ ಹಾಗೆ."

ಇಳಿದೆ. ಗೋಡೆ ನೋಡಿ ನಿಂತೆ. ಜೇಬಿಗೆ ಕೈ ಹಾಕಿದರೆ ಅರ್ಧ ಬೋಲ್ಟು ಸಿಕ್ಕಿತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹಿಂದೆ ಎಂಜಿನು ಎದ್ದಿತು, ತಗ್ಗಿನಲ್ಲೇ ಗುನುಗಿತು, ಒಂದೂ ಕುಪ್ಪಳಿಕೆಯಿಲ್ಲದೆ ದೂರವಾಯಿತು. ತಿರುವಿನಾಚೆ ಸದ್ದು ಅಡಗಿ ಬರಿಯ ಗಾಳಿ ಉಳಿಯಿತು. ಚಿಂತೆ ಮಾಡಲು ಅಷ್ಟು ಒಳ್ಳೆಯ ಅವಕಾಶ ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ. ಮಾಡಿದೆ, ಮನಸಾರೆ ಮಾಡಿದೆ, ಗೋಡೆಯ ಕಡೆಗೆ ಮುಖ ಮಾಡಿಯೇ. ಸ್ವಲ್ಪ ಹೊತ್ತಿಗೆ ಇನ್ನೊಂದು ದಿಕ್ಕಿನಿಂದ ಕಾರು ಬಂದು ನನ್ನ ಪಕ್ಕದಲ್ಲಿ ಬೆಣ್ಣೆಯ ಮೇಲೆ ನಿಂತ ಹಾಗೆ ನಿಂತಿತು. ಕಿಟಕಿ ಇಳಿಯಿತು.

"ಹತ್ತಿ," ಎಂದಳು ಜೊಹರಾ. "ಹಿಂದೆ."